ಮೊಲದ ಹೆಡಕಿನ ದೃಷ್ಟಿಬೊಟ್ಟು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಹುಲಿಗೆ ಪಟ್ಟೆ ಬಂದಿರಲಿಲ್ಲ, ಹೊಳೆಗಳಿಗೆ ದಾರಿ ರೂಢಿಯಾಗಿರಲಿಲ್ಲ. ಮೊಲಗಳೆಲ್ಲ ಒಂದೇ ಬಣ್ಣ, ಒಣಹುಲ್ಲಿನ ಬಣ್ಣ. ಯಾವುದು ಯಾರ ಮರಿ ಅಂತ ಹೆತ್ತವರಿಗೇ ಗೊತ್ತಾಗುತ್ತಿರಲಿಲ್ಲ. ಅದರಿಂದಾದ ರಂಪಾಟಗಳು ಬೇರೆ, ಇಲ್ಲಿ ಬೇಡ.

ಗೋದಾವರಿಯ ಈಚೆ ದಡದ ಕುರುಚಲಲ್ಲಿ ಗರಿಕವ್ವ ಅಂತ ಒಂದು ಮೊಲ, ತೆನೆವ್ವ ಅಂತ ಅವಳ ತಂಗಿ. ಗರಿಕವ್ವನ ಮರಿಗಳನ್ನೆಲ್ಲ ಹದ್ದು ಒಯ್ದಿತ್ತು; ಉಳಿದದ್ದು ಒಂದೇ ಒಂದು. ತೆನೆವ್ವನಿಗೆ ಮರಿಯೇ ಆಗಿರಲಿಲ್ಲ. ಆಗಲಿಲ್ಲ ಅಂದ ಮೇಲೆ, ಬಂಜೆಯ ಕಣ್ಣು ಅಂತ ಆಡದೆ ನೆರೆಹೊರೆ ಸುಮ್ಮನಿರುತ್ತದೆಯೇ?

ಒಂದು ಬೆಳಗ್ಗೆ ತೆನೆವ್ವ ಮರಿಯನ್ನು ಮಡಿಲಿಗೆ ಹಾಕಿಕೊಂಡು, "ಎಷ್ಟು ದುಂಡಗಾಗಿದೆ ನೋಡಕ್ಕಾ ಕೂಸು," ಅಂದಳು. ಪ್ರೀತಿಯಿಂದಲೇ ಅಂದಳು. ಗರಿಕವ್ವನಿಗೆ ಮಾತ್ರ ನೆರೆಹೊರೆಯ ಮಾತು ನೆನಪಾಯಿತು.

ತಂಗಿ ಅತ್ತ ಹೋದದ್ದೇ ತಡ, ದೃಷ್ಟಿಬೊಟ್ಟು ಇಡಲು ಕೂತಳು. ಹದ್ದು ನೋಡುವುದು ಮೇಲಿಂದ, ಕೆನ್ನೆಗೆ ಇಟ್ಟು ಏನು ಬಂತು? ಕತ್ತಿನ ಹಿಂದೆ, ಹೆಡಕಿಗೇ ಇಟ್ಟಳು. ಕಾಡಿಗೆ ಮಾಡಲು ಪುರಸೊತ್ತೆಲ್ಲಿ? ಗಾಬರಿಯಲ್ಲಿ ಕರಿಗೇರಿನ ಕಾಯಿ ಜಜ್ಜಿ ಬಳಿದುಬಿಟ್ಟಳು. ಅಗಸರು ಬಟ್ಟೆಗೆ ಗುರುತು ಹಾಕುವ ಕಾಯಿ ಅದು. ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ.

ಇದನ್ನು ಟಿಟ್ಟಿಭ ನೋಡಿತು. ಆ ಹಕ್ಕಿಯ ಬಾಯಲ್ಲಿ ಮಾತು ನಿಂತದ್ದುಂಟೇ? ನೆಟ್ಟಗೆ ಹಾರಿಹೋಗಿ, ನಿನ್ನ ಕಣ್ಣಿಗೆ ಅಂಜಿ ನಿನ್ನಕ್ಕ ಕೂಸಿಗೆ ಮಸಿ ಬಳಿದಿದ್ದಾಳೆ ಅಂತ ತೆನೆವ್ವನ ಕಿವಿಗೆ ಊದಿತು.

ತೆನೆವ್ವ ಬಂದು ಪೊದೆಯ ಹೊರಗೇ ನಿಂತಳು. "ಯಾರ ದೃಷ್ಟಿಗೆ ಇಟ್ಟೆ ಅಕ್ಕಾ?"

ಹದ್ದಿನದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗರಿಕವ್ವ ಬೆಚ್ಚಿದ್ದು ತಂಗಿಯ ಮಾತಿಗೆ. ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡಳು. ತೆನೆವ್ವ ಹೊರಟುಹೋದಳು.

ಸಂಜೆಗೆ ಕರಿಗೇರಿನ ಸೊನೆ ಸುಟ್ಟು ಮರಿಯ ಹೆಡಕು ಬೊಬ್ಬೆಯೆದ್ದು ಮೈ ಕೆಂಡವಾಯಿತು. ಆಗಲೇ ಟಿಟ್ಟಿಭ ಮತ್ತೆ ಸುದ್ದಿ ತಂದಿತು. ತೆನೆವ್ವ ಆಚೆ ದಡಕ್ಕೇ ಹೋಗಿಬಿಡುತ್ತೇನೆ ಅಂತ ಹೊರಟು, ಹೊಳೆದಂಡೆಯ ಕೆಮ್ಮಣ್ಣಿನ ಮೇಲೆ ಕೂತಿದ್ದಾಳಂತೆ. ದಾಟುವುದಾದರೆ ಈಗಲೇ ದಾಟು ತಾಯಿ, ಮೇಲೆ ಮಳೆಯಾಗಿದೆ ಅಂತ ಗೋದಾವರಿ ಹೇಳಿದರೂ, ತಡಿಯವ್ವ, ಅಕ್ಕ ಕರೆಯೋಕೆ ಬರ್ತಾಳೆ ಅನ್ನುತ್ತಿದ್ದಾಳಂತೆ. ಕೂತೂ ಕೂತೂ ಬಾಲಕ್ಕೆಲ್ಲ ಕೆಂಪು ಹತ್ತಿದೆಯಂತೆ.

ಬೇಯುವ ಮರಿಯನ್ನು ಬಿಟ್ಟು ಹೇಗೆ ಹೋದಾಳು? ಅದು ಕಣ್ಣು ಬಿಟ್ಟು ಹಾಲಿಗೆ ಬಾಯಿ ಹಾಕಿದ ಮೇಲೆ ಓಡಿದಳು. ಅಷ್ಟರಲ್ಲಿ ಹೊಳೆ ದಂಡೆ ತುಂಬಿ ಹರಿಯುತ್ತಿತ್ತು. ಆಚೆ ಹುಲ್ಲಿನಲ್ಲಿ ಒಂದು ಕೆಂಪು ಬಾಲ ಮರೆಯಾಯಿತು.

"ಹದ್ದಿನ ದೃಷ್ಟಿಗೆ ಕಣೇ," ಅಂತ ಗರಿಕವ್ವ ಕೂಗಿದಳು. ನೀರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಮರಿ ಬದುಕಿತು. ಬೊಟ್ಟು ಹೋಗಲಿಲ್ಲ, ಮೊಮ್ಮಕ್ಕಳಿಗೂ ಬಂತು. ಆಚೆ ದಡದಲ್ಲಿ ತೆನೆವ್ವನಿಗೂ ಮರಿಗಳಾದವು, ಯಾರಿಂದ ಅಂತ ಟಿಟ್ಟಿಭವನ್ನೇ ಕೇಳಬೇಕು. ಅವುಗಳ ಹೆಡಕು ಬರಿದು, ಬಾಲ ಕೆಂಪು. ಓದಿದವರು ಇವನ್ನು ಒಂದೇ ಜಾತಿಯ ಎರಡು ಉಪಜಾತಿ ಅಂತ ಬರೆದಿಟ್ಟಿದ್ದಾರಂತೆ. ಜಾತಿಯೂ ಇಲ್ಲ ಗೀತಿಯೂ ಇಲ್ಲ, ಅಕ್ಕತಂಗಿಯರ ಜಗಳ.

ಹೊಲದ ಬದುವಿನಿಂದ ಮೊಲ ಎದ್ದು ಓಡಿದಾಗ ನೋಡಿ: ನಮ್ಮ ಕಡೆಯದಾದರೆ ಹೆಡಕಿನಲ್ಲಿ ಆ ಕರಿ ಬೊಟ್ಟು ಇಂದಿಗೂ ಇದೆ, ಮತ್ತು ಓಡುತ್ತಾ ಓಡುತ್ತಾ ಅದು ಒಮ್ಮೆ ನಿಂತು ಹಿಂದಕ್ಕೆ ತಿರುಗುತ್ತದೆ, ಯಾರೋ ಅಕ್ಕಾ ಅಂದ ಹಾಗೆ.