ತೆಂಕಣ ನೆಂಟರು

ವೈಶಾಖ ಬಹುಳ ಷಷ್ಠಿ, ಗುರುವಾರ. ಬೆಳಗಿನಿಂದ ಒಂದು ಎಲೆಯೂ ಅಲುಗಲಿಲ್ಲ, ವಿಪರೀತ ಸೆಕೆ.

ಕೂತಲ್ಲಿ ಕೂರಲಾರದೆ ಶಿಷ್ಯ ಕೇಳಿದ: "ಗುರುಗಳೇ, ಬಿರುಗಾಳಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿ ಹಿಡಿಯುತ್ತದೆ, ಎರಡನ್ನೂ ಬಲ್ಲವನನ್ನು ಅದು ಏನು ಮಾಡೀತು?"

ಗುರುಗಳು ಹೇಳತೊಡಗಿದರು.

ಕಡಲ ದಂಡೆಯ ಒಂದೂರಿನಲ್ಲಿ ಒಬ್ಬ ತಂಡೇಲನಿದ್ದ. ಊರಿನ ದೋಣಿಗಳೆಲ್ಲ ಅವನ ಮಾತು ಕೇಳಿಯೇ ನೀರಿಗಿಳಿಯುತ್ತಿದ್ದವು. ಮುಂಗಾರಿಗೆ ಮೊದಲು ತೆಂಕಣ ದ್ವೀಪಗಳ ಬಳಿ ಕಡಲು ಕಾದು ಗಾಳಿ ಸುತ್ತಿಕೊಳ್ಳುತ್ತದೆ. ದಂಡೆಯನ್ನು ಬಲಕ್ಕಿಟ್ಟುಕೊಂಡು ಬಡಗಕ್ಕೆ ಏರುತ್ತದೆ. ಮೂಡಣದಿಂದ ಬಿಸಿಗಾಳಿ ಬೀಸಿತೆಂದರೆ ಅದು ಹೊರಟಿದೆ ಎಂದೇ ಲೆಕ್ಕ. ಇದೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ಆ ಊರಿನವರು ಬಿರುಗಾಳಿಯನ್ನು ಬಿರುಗಾಳಿ ಎನ್ನುತ್ತಿರಲಿಲ್ಲ. ತೆಂಕಣ ನೆಂಟರು ಎನ್ನುತ್ತಿದ್ದರು.

ಅವನ ಮಗಳಿಗೆ ಬಡಗಣ ಊರಿನ ಒಬ್ಬ ಅಂಬಿಗನೊಡನೆ ಲಗ್ನ ಗೊತ್ತಾಗಿತ್ತು. ಹುಡುಗ ಹೊಳೆ ದಾಟಿಸುತ್ತ ಬೆಳೆದವನು. ಕಡಲಿಗಿಳಿದು ವರ್ಷವೂ ಆಗಿರಲಿಲ್ಲ. ಅವನೂರಿನಿಂದ ಕಡಲಿಗೆ ಹೋಗುವವನು ಅವನೊಬ್ಬನೇ.

ಒಂದು ಬೆಳಿಗ್ಗೆ ಮೂಡಣದ ಬಿಸಿಗಾಳಿ ಎದ್ದಿತು. ತಂಡೇಲ ದೋಣಿಗಳನ್ನೆಲ್ಲ ದಡಕ್ಕೆ ಎಳೆಸಿದ. ಆದರೂ ಜೀವ ನಿಲ್ಲಲಿಲ್ಲ. ಗಂಜಿಯ ಮುಂದೆ ಕುಳಿತವನು ಹಾಗೆಯೇ ಕೈ ತೊಳೆದು ಎದ್ದ. ಕುದುರೆಯೇರಿ ಬಡಗಕ್ಕೆ ಹೊರಟಿದ್ದ ಉಪ್ಪಿನ ವ್ಯಾಪಾರಿಯನ್ನು ದಾರಿಯಲ್ಲಿ ತಡೆದ.

"ನನ್ನ ಅಳಿಯನಾಗುವವನಿಗೆ ಒಂದು ಮಾತು ಮುಟ್ಟಿಸು ಮಾರಾಯ. ತೆಂಕಣ ನೆಂಟರು ಹೊರಟಿದ್ದಾರೆ, ಶನಿವಾರ ಬೆಳಿಗ್ಗೆ ನಿನ್ನೂರಿಗೆ ಬರುತ್ತಾರೆ ಅನ್ನು."

ವ್ಯಾಪಾರಿ ನಕ್ಕ. "ಲಗ್ನಕ್ಕೆ ಮೊದಲೇ ಅಳಿಯನ ಮನೆಯ ಊಟವೇ, ಯಜಮಾನರೇ? ಅಷ್ಟೂ ತಾಳಲಾರಿರಾ?"

ತಂಡೇಲನ ಕಣ್ಣು ಕಡಲ ಮೇಲಿತ್ತು. "ಒಂದಕ್ಷರ ಬಿಡದೆ ಹೇಳು" ಎಂದ.

ವ್ಯಾಪಾರಿ ಮರುದಿನವೇ ಹೋಗಿ ಒಂದಕ್ಷರ ಬಿಡದೆ ಹೇಳಿದ.

ಗಾಳಿ ತಂಡೇಲ ಎಣಿಸಿದ ದಾರಿಯಲ್ಲೇ, ಎಣಿಸಿದ ಹೊತ್ತಿಗೇ ಹಾದುಹೋಯಿತು. ಅದು ಅಡಗಿದ ಮೇಲೆ ಅವನು ಬಡಗಣ ಊರಿಗೆ ನಡೆದ. ಹುಡುಗನ ತಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಒರಳಿನಲ್ಲಿ ಅರೆದಿಟ್ಟ ಮಸಾಲೆ ಹಳಸಿತ್ತು.

"ಬನ್ನಿ ಬೀಗರೇ" ಎಂದಳು. "ನೀವೆಲ್ಲ ಬರುವುದಾಗಿ ಹೇಳಿ ಕಳಿಸಿದಿರಲ್ಲ, ಬೀಗರಿಗೆ ಬರೀ ಅನ್ನ ಹೇಗೆ ಬಡಿಸಲಿ ಅಮ್ಮಾ, ಒಳ್ಳೆಯ ಮೀನು ತರುತ್ತೇನೆ ಎಂದು ಬೆಳಗಾಗುವ ಮೊದಲೇ ದೋಣಿ ಇಳಿಸಿದ. ಇವತ್ತಿಗೆ ನಾಲ್ಕು ದಿನ. ಬರುವಾಗ ದಂಡೆಯಲ್ಲಿ ಎಲ್ಲಾದರೂ ಕಂಡನೇ?"

ತಂಡೇಲ ಕಂಡದ್ದು ದೋಣಿಯ ಹಲಗೆಗಳನ್ನು ಮಾತ್ರ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಷ್ಟೆಲ್ಲ ಬಲ್ಲವನು ಬಿರುಗಾಳಿ ಎಂಬ ಒಂದು ಮಾತನ್ನು ಯಾಕೆ ಬಾಯಿಬಿಟ್ಟು ಹೇಳಲಿಲ್ಲ, ಗುರುಗಳೇ?"

"ಹೆಸರೆತ್ತಿದರೆ ಎಲ್ಲಿ ಬಂದುಬಿಡುತ್ತದೋ ಎಂದು."