ಹಲ್ಲಿ ಕೇಳಿಸಿಕೊಂಡ ಜೋಗುಳ

ಪ್ರಜೆಗಳನ್ನು ಕಳ್ಳಕಾಕರಿಂದ ಕಾಪಾಡಲೆಂದು ಸಿಂಹರಾಜ ಬಿಲಬಿಲಕ್ಕೂ ಒಂದೊಂದು ಹಲ್ಲಿಯನ್ನು ಕಳಿಸಿಕೊಟ್ಟ. "ಬಾರಪ್ಪ, ನೀನಿದ್ದರೆ ಸೊಳ್ಳೆ ಕಾಟವಾದರೂ ತಪ್ಪೀತು" ಎಂದು ತಾಯಿಮೊಲ ತನ್ನ ಪಾಲಿನ ಹಲ್ಲಿಯನ್ನು ನಗುನಗುತ್ತಲೇ ಬರಮಾಡಿಕೊಂಡಿತು.

ಒಂದು ಮಧ್ಯಾಹ್ನ ಮರಿ ರಚ್ಚೆ ಹಿಡಿಯಿತು. "ಅಳಬೇಡ ಕಂದಾ, ಸಿಂಹ ಬಂದರೆ ಅವನ ಹಲ್ಲು ಮುರಿದು ನಿನಗೆ ಗಿಲಕಿ ಮಾಡಿಕೊಡ್ತೀನಿ" ಎಂದಿತು ಮೊಲ. ಮೇಲೆ ಹಲ್ಲಿ ಲೊಚಗುಟ್ಟಿತು. "ನೋಡಿದೆಯಾ, ಹಲ್ಲಿಯೂ ನಿಜ ಅಂತು!" ಎಂದು ಮೊಲ ಮರಿಯನ್ನು ತಟ್ಟಿ ಮಲಗಿಸಿತು.

ಸಂಜೆಯೊಳಗೆ ಮಂತ್ರಿ ನರಿಯ ಗವಿಯಿಂದ ಮೊಲಕ್ಕೆ ಕರೆ ಬಂತು. ಎದುರು ನಿಂತ ಮೊಲಕ್ಕೆ ನರಿ ಹಲ್ಲಿ ಕೊಟ್ಟ ದೂರನ್ನು ಗಟ್ಟಿಯಾಗಿ ಓದಿತು: "ಮಹಾರಾಜರ ಹಲ್ಲು ಮುರಿಯುವ ಸಂಚು."

ಮೊಲ ಕೈಮುಗಿಯಿತು. "ಅಯ್ಯೋ ಬುದ್ಧೀ, ಅದು ಮಗು ಮಲಗಿಸೋ ಮಾತು! ನಮ್ಮ ಬಿಲದೊಳಗೆ ಆಡಿದ್ದು!"

"ಹಲ್ಲಿ ಲೊಚಗುಟ್ಟಿದೆ. ಅದು ನಿಜವೆಂದು ನೀನೇ ಒಪ್ಪಿಕೊಂಡಿದ್ದೀಯ. ಇದೊಂದು ಸಲ ಬಿಟ್ಟಿದ್ದೇನೆ, ಹೋಗು."

ಮೊಲ ಬಿಲಕ್ಕೆ ಮರಳಿತು. ಮರಿ ಅಳುತ್ತಿತ್ತು. ಸಂತೈಸಲು ಬಾಯಿ ತೆರೆದ ಮೊಲ ಒಮ್ಮೆ ಮೇಲೆ ನೋಡಿ, ಹಾಗೇ ಮುಚ್ಚಿಕೊಂಡಿತು.

"ಯಾಕೆ ಸುಮ್ಮನಾದೆ? ಏನು ಮುಚ್ಚಿಡ್ತಿದ್ದೀಯ?" ಎಂದ ಹಲ್ಲಿ ಸರಸರನೆ ನರಿಯ ಗವಿಯ ಕಡೆ ಹೊರಟಿತು.