ಗುರುಸಿದ್ದವ್ವನ ದನಿ, ಲ್ಯಾಪ್‌ಟಾಪಿನ ಗದ್ದಲ

ಬೆಟಗೇರಿಯ ಗುರುಸಿದ್ದವ್ವನಿಗೆ ಕಾಳು ಬೀಸುತ್ತ ಹಾಡುವ ಏಳು ಪದಗಳು ಬರುತ್ತಿದ್ದವು. ಬೇರೆ ಯಾರಿಗೂ ಅವು ಬರುತ್ತಿರಲಿಲ್ಲ. ಮುದುಕಿಯ ಗಂಟಲಲ್ಲಿ ಗಡ್ಡೆಯಾಗಿತ್ತು. ಸೋಮವಾರ ಆಪರೇಷನ್, ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಓಣಿಯ ಶಾಲೆಯಲ್ಲಿ ಅಕ್ಕೋರಾಗಿದ್ದ ಶಶಿಕಲಾ ಪದಗಳನ್ನು ಉಳಿಸಬೇಕೆಂದು ಗುರುವಾರ ಲ್ಯಾಪ್‌ಟಾಪು, ಮೈಕು ಹೊತ್ತು ಬಂದಳು. ರೆಕಾರ್ಡ್ ಮಾಡಿ ಕೇಳಿದರೆ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು. ಆ ರೆಕಾರ್ಡನ್ನು ಅಳಿಸಿ ಹಾಕಿದಳು. ಬೀಸುವ ಕಲ್ಲು ನಿಲ್ಲಿಸಿದಳು, ಫ್ಯಾನು ಆರಿಸಿದಳು, ಕಿಟಕಿಗೆ ಕೌದಿ ಕಟ್ಟಿದಳು. ಪಕ್ಕದ ಮನೆಯವರಿಗೆ ಕೈಮುಗಿದು ಅವರ ಮಗ್ಗವನ್ನೂ ನಿಲ್ಲಿಸಿದಳು. ಓಣಿಯ ಬಾಯನ್ನೆಲ್ಲ ಮುಚ್ಚಿಸಿದವಳಿಗೆ ತಾನು ತಂದ ಲ್ಯಾಪ್‌ಟಾಪಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ನಮ್ಮೆಲ್ಲರ ಬುದ್ಧಿಯೂ ಹಾಗೇ ಅಲ್ಲವೇ?

ಶುಕ್ರವಾರವೂ ಅದೇ ಗುಂಯ್. "ಅವ್ವಾ, ನಿಮ್ಮ ಗಂಟಲದಾಗಿಂದನ ಬರಾಕತ್ತೈತ್ರಿ. ಬಿಸಿನೀರು ಕುಡದು ಇನ್ನೊಮ್ಮೆ ಹಾಡ್ರಿ," ಎಂದಳು ಶಶಿಕಲಾ.

ಗುರುಸಿದ್ದವ್ವ ಹಾಡಿದಳು. ಮತ್ತೆ ಮತ್ತೆ ಹಾಡಿದಳು. ಪ್ರತಿಸಲವೂ ಶಶಿಕಲಾ ಅಳಿಸಿ ಹಾಕಿದಳು. ಶನಿವಾರ ಸಂಜೆ ಮುದುಕಿ, "ಸಾಕ ಬಿಡ ತಂಗಿ. ನನ್ನ ದನಿ ಕೆಟ್ಟೈತಿ. ಕೆಟ್ಟ ದನಿ ಇಟ್ಕೊಂಡು ಏನ್ಮಾಡ್ತಿ?" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಭಾನುವಾರ ಬೆಳಿಗ್ಗೆ ಶಶಿಕಲಾ ರೇಡಿಯೊ ರಿಪೇರಿಯ ಇಮಾಮಸಾಬರನ್ನು ಕರೆತಂದಳು. ಅವರು ಹಾಡನ್ನೇ ಕೇಳಲಿಲ್ಲ. "ಅಕ್ಕೋರ, ಯಾರೂ ಹಾಡಬ್ಯಾಡ್ರಿ. ಒಂದ ನಿಮಿಷ ಸುಮ್ನ ರೆಕಾರ್ಡ್ ಮಾಡ್ರಿ," ಎಂದರು.

ಯಾರೂ ಹಾಡದ ಕೋಣೆಯಲ್ಲೂ ಗುಂಯ್ ಎನ್ನುತ್ತಿತ್ತು. ಇಮಾಮಸಾಬರು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟರು.

"ಸದ್ದು ಇದರ ಹೊಟ್ಟ್ಯಾಗ ಐತ್ರಿ. ಮೈಕಿನ ವಾಯರು ನೇರ ಇದರಾಗ ಸಿಗಿಸಿದ್ರ, ಒಳಗಿನ ಕರೆಂಟಿನ ಗದ್ದಲನೂ ಹಾಡಿಗೆ ಕೂಡತೈತಿ."

ಇಮಾಮಸಾಬರು ಚಾರ್ಜರ್ ಕಿತ್ತರು. ಸದ್ದು ಅರ್ಧ ಇಳಿಯಿತು. ಮೈಕಿನ ದನಿಯನ್ನು ಹೊರಗೇ ಹಿಡಿಯುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಸೌಂಡ್ ಕಾರ್ಡನ್ನು ಚೀಲದಿಂದ ತೆಗೆದು, ಉದ್ದನೆಯ ವಾಯರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ದೂರ ಇಟ್ಟು, ಮೈಕನ್ನು ಅದಕ್ಕೆ ಸಿಗಿಸಿದರು. ಗುಂಯ್ ಪೂರ್ತಿ ನಿಂತಿತು.

ಶಶಿಕಲಾ ಹಾಸಿಗೆಯ ಬಳಿ ಕುಳಿತಳು. "ಅವ್ವಾ, ತಪ್ಪು ನಂದ್ರಿ. ನಿಮ್ಮ ದನೀದಲ್ಲ."

ಮುದುಕಿ ಎದ್ದು ಬೀಸುವ ಕಲ್ಲಿನ ಗೂಟ ಹಿಡಿದು ಹಾಡಿದಳು. ಎರಡು ಪದ ಮುಗಿದವು. ಮೂರನೆಯದರ ನಡುವೆ ದನಿ ನಿಂತಿತು. ಮೂರು ದಿನ ದಣಿದ ಗಂಟಲು ಮತ್ತೆ ಏಳಲಿಲ್ಲ.

ಹಾಡಿದ್ದನ್ನು ಹಚ್ಚಿ ಕೇಳಿಸು ಎಂದು ಅವಳು ಕೈಸನ್ನೆ ಮಾಡಿದಳು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಪಿಸುಗುಟ್ಟಿದಳು:

"ಹಂಗಾರ ನನ್ನ ದನಿ ಚೊಲೋನ ಇತ್ತಲ್ಲ ತಂಗಿ."

ಶಶಿಕಲಾಳಿಗೆ ಅಳು ತಡೆಯಲಾಗಲಿಲ್ಲ. ಮರುದಿನ ಆಪರೇಷನ್ ಆಯಿತು. ಎರಡೂವರೆ ಪದ ಇಂದಿಗೂ ಸ್ವಚ್ಛವಾಗಿ ಕೇಳುತ್ತವೆ. ಉಳಿದವು ಯಾರಿಗೂ ಬರುವುದಿಲ್ಲ.

ನೀತಿ: ಇನ್ನೊಬ್ಬರ ದನಿ ಕೆಟ್ಟಿದೆ ಎನ್ನುವ ಮೊದಲು ಒಂದು ನಿಮಿಷ ಸುಮ್ಮನಿದ್ದು ನಮ್ಮೊಳಗಿನ ಗದ್ದಲವನ್ನು ಕೇಳಿಸಿಕೊಳ್ಳಬೇಕು. ಅದು ತಡವಾಗಿ ಕೇಳಿಸಿದರೆ, ಅಷ್ಟರಲ್ಲಿ ಅವರ ಹಾಡೇ ಮುಗಿದಿರುತ್ತದೆ.